ಅಂಗೈಯ ಹಿಮ

ಈ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಸ್ವಲ್ಪ ಹೆಚ್ಚೇ ಚಳಿ. ಪದ್ಮನಾಭನಗರದ ನಮ್ಮ ಬೀದಿಯಲ್ಲಿ ಟ್ಯೂಷನ್ನಿಗೆ ಹೋಗುವ ಮಕ್ಕಳೂ ಮಫ್ಲರ್ ಸುತ್ತಿಕೊಂಡಿದ್ದಾರೆ. ಅತ್ತೆ ಇದ್ದಿದ್ದರೆ, "ಇದೂ ಒಂದು ಚಳಿನಾ? ನಾವು ಹಿಮದ ಮೇಲೆ ಬೈಕ್ ಓಡಿಸ್ಕೊಂಡು ಬಂದೋರು" ಎನ್ನುತ್ತಿದ್ದರು. ಓಡಿಸಿದ್ದು ಅವರಲ್ಲ; ಹಿಂದೆ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಅವರು ಲಿಂಗೈಕ್ಯರಾಗಿ ವರ್ಷವಾಗುತ್ತ ಬಂತು. ಈಗ ಆ ಮಾತನ್ನು ತಿದ್ದಲು ನನಗೂ ಮನಸ್ಸಿಲ್ಲ.

ಅತ್ತೆ ಹೋಗುವ ಮುಂಚಿನ ಫೆಬ್ರವರಿಯಲ್ಲಿ ಜಯನಗರದ ಟೂರ್ಸ್‌ನವರೊಬ್ಬರು ಹೆಂಗಸರನ್ನು ಕಾಶ್ಮೀರದ ಸೋನಮಾರ್ಗಕ್ಕೆ ಕರೆದೊಯ್ಯುತ್ತಿದ್ದರು. ಸ್ನೋ ಬೈಕಿನಲ್ಲಿ ಹಿಮನದಿಯ ಹತ್ತಿರದವರೆಗೆ, ಅಲ್ಲಿಂದ ಗೈಡ್ ಜೊತೆ ನಡಿಗೆ. ನನ್ನ ಗಂಡ ಕೈಲಾಸ್ ತಮಾಷೆಗೆ ಮೊಬೈಲಿನಲ್ಲಿ ತೋರಿಸಿದ್ದನ್ನು ಅತ್ತೆ ಮೀನಾಕ್ಷಮ್ಮ ಗಟ್ಟಿಯಾಗಿ ಹಿಡಿದುಕೊಂಡರು. ಅವರಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಬೇಡವೆನ್ನಲು ಧೈರ್ಯವಾಗದೆ ನಾನೂ ಜೊತೆಗೆ ಹೊರಟೆ.

ಹೊರಡುವ ಮುನ್ನ ಪಕ್ಕದ ಮನೆಯ ನಾಗಲಕ್ಷ್ಮಮ್ಮ ಹೆದರಿಸಿಬಿಟ್ಟರು. "ಏರ್‌ಪೋರ್ಟ್‌ನಲ್ಲಿ ಬೆಳ್ಳಿ ಗಿಳ್ಳಿ ಎಲ್ಲಾ ಬಿಚ್ಚಿಸ್ತಾರೆ ಕಣ್ರೀ. ಟ್ರೇಲಿ ಹಾಕಿ ಅಂತಾರೆ, ಚಪ್ಪಲಿ ಪಕ್ಕದಲ್ಲೇ."

ಚಪ್ಪಲಿಯ ಪಕ್ಕದಲ್ಲಿ ಇಷ್ಟಲಿಂಗ! ಅತ್ತೆ ಬೆಳ್ಳಿಯ ಕರಡಿಗೆಯನ್ನು ಬೀರುವಿನಲ್ಲಿಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಗಂಟು ಹಾಕಿ ದಾರದಿಂದ ಕೊರಳಿಗೆ ಕಟ್ಟಿಕೊಂಡರು. ಏರ್‌ಪೋರ್ಟ್‌ನಲ್ಲಿ ಯಾರೂ ಏನೂ ಕೇಳಲಿಲ್ಲ.

ಸೋನಮಾರ್ಗದ ಆ ಬೆಳಿಗ್ಗೆ ಹೋಟೆಲಿನ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿತ್ತು. ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಅತ್ತೆಗೆ ಊಟವಿಲ್ಲ. "ಬಂದ್ಮೇಲೆ ಬಿಸಿನೀರು ಕೊಡ್ತಾರಂತೆ, ಆಗ ಮಾಡ್ಕೋತೀನಿ ಬಾ" ಎಂದು ಹೊರಟೇಬಿಟ್ಟರು. ನಾನು ಬ್ಯಾಗಿಗೆ ನಿಪ್ಪಟ್ಟು, ಗ್ಲೂಕೋಸ್ ತುಂಬಿಕೊಂಡು ಹಿಂಬಾಲಿಸಿದೆ.

ಬೈಕ್ ಇಳಿದ ಮೇಲೆ ಗುಂಪಿನ ಉಳಿದವರು ಇನ್ನೊಬ್ಬ ಗೈಡ್ ಜೊತೆ ಮುಂದೆ ಹೋದರು; ನಮ್ಮ ಗೈಡ್ ಮಂಜೂರ್ ನಮ್ಮಿಬ್ಬರ ಬೂಟುಗಳಿಗೆ ಅಗಲವಾದ ಸ್ನೋ ಶೂ ಬಿಗಿದ.

"ಕಾಲಿಗೆ ಮೊರ ಕಟ್ದಂಗಿದೆ ಕಣೆ ಐಶ್ವರ್ಯ!" ಅತ್ತೆ ನಗುತ್ತಾ ಹೆಜ್ಜೆ ಹಾಕಿದರು. ಎರಡು ಸಲ ಬಿದ್ದರು. ಎರಡು ಸಲವೂ ನಾನು ಕಿರುಚಿಕೊಂಡೆ. ಅವರು ಮಾತ್ರ ಮಗುವಿನಂತೆ ಕೈ ಚಾಚಿ ಎಬ್ಬಿಸಿಕೊಂಡರು.

ಬಂಡೆಗಳ ನಡುವೆ ನೀಲಿ ಬಣ್ಣದ ಹಿಮನದಿ ಕಾಣಿಸಿತು. ಕೈಮುಗಿಯಲು ಹೋದ ಅತ್ತೆ ಎದೆ ಮುಟ್ಟಿಕೊಂಡು ನಿಂತುಬಿಟ್ಟರು. ಜಾಕೆಟ್ಟಿನ ಒಳಗೆ ದಾರವಿತ್ತು. ಲಿಂಗದ ಗಂಟು ಇರಲಿಲ್ಲ; ಬಿದ್ದಾಗ ಜಾರಿಹೋಗಿರಬೇಕು.

ನಾವು ನಡೆದು ಬಂದ ದಾರಿಯನ್ನು ಮೂವರೂ ಹುಡುಕಿದೆವು. ಬಿಳಿಯ ಮೇಲೆ ಬಿಳಿ ಬಟ್ಟೆ. ಮಂಜೂರ್ ಮಂಡಿಯೂರಿ ಕೈಯಿಂದ ಹಿಮ ಕೆದಕಿದ. ಮೋಡ ಇಳಿಯುತ್ತಿತ್ತು, ಇನ್ನು ಹೊರಡಬೇಕು ಎಂದ. ಅತ್ತೆಯ ಹಣೆಯಲ್ಲಿ ಆ ಚಳಿಯಲ್ಲೂ ಬೆವರು, ಕೈ ನಡುಗುತ್ತಿತ್ತು. ಸಕ್ಕರೆ ಇಳಿಯುತ್ತಿದೆಯೆಂದು ನನಗೆ ಗೊತ್ತಾಯಿತು.

"ಅತ್ತೆ, ಒಂಚೂರು ಗ್ಲೂಕೋಸ್ ಬಾಯಿಗೆ ಹಾಕ್ಕೊಳಿ. ದಮ್ಮಯ್ಯ."

"ಲಿಂಗ ಇಲ್ದೆ ಗಂಟಲಲ್ಲಿ ಇಳಿಯುತ್ತೇನೇ? ಮದುವೆಗೆ ಮುಂಚಿಂದ ಒಂದಿನಾನೂ ತಪ್ಪಿಲ್ಲ."

ನಾನು ನನ್ನ ಲಿಂಗವನ್ನೇ ಬಿಚ್ಚಹೋದೆ. ಅವರು ಕೈ ಹಿಡಿದರು. "ಅದು ನಿಂದು. ಒಳಗೆ ಇಟ್ಕೋ."

ವಿಷಯ ತಿಳಿದ ಮಂಜೂರ್ ಬೆಟ್ಟದಾಚೆ ಕೈ ತೋರಿಸಿ, ಅಮರನಾಥ ಆ ಕಡೆಯೇ ಇದೆ, ಇಲ್ಲಿಂದಲೇ ಬೇಡಿಕೊಳ್ಳಿ ಎಂದ. ಅವನ ಮಾತನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಅಲ್ಲಿರೋದು ಎಲ್ಲಾರ್ದು," ಎಂದರು ಅತ್ತೆ. "ನಂದು ನನ್ನ ಎದೆ ಮೇಲಿತ್ತು."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅಳುತ್ತಿದ್ದೆ ಎಂದು ಆಮೇಲೆ ಅವರೇ ಹೇಳಿದ್ದು.

"ಅಯ್ಯೋ, ಹೀಗೇ ಅಳಿಸಿ ಅಳಿಸಿ ನಿನ್ನ ಕೊಂದುಬಿಡ್ತೀನಿ ನಾನು," ಎಂದು ಗೊಣಗಿ ಅತ್ತೆ ಗ್ಲೌಸ್ ಬಿಚ್ಚಿದರು. ಹಿಮದಲ್ಲಿ ಕೈ ತೊಳೆದಂತೆ ಉಜ್ಜಿಕೊಂಡರು. ತುಳಿಯದ ಜಾಗದಿಂದ ಒಂದು ಹಿಡಿ ತೆಗೆದು, ಉಂಡೆ ಕಟ್ಟಿ, ಎಡ ಅಂಗೈಯ ಮೇಲಿಟ್ಟು ಎದೆಮಟ್ಟಕ್ಕೆ ಹಿಡಿದರು. ಜೇಬಿನ ಪೊಟ್ಟಣದಿಂದ ವಿಭೂತಿ ತೆಗೆದು ಹಚ್ಚಿದರು. ಮನೆಯಲ್ಲಿ ಗಡಿಬಿಡಿಯಲ್ಲಿ ಮುಗಿಸುತ್ತಿದ್ದ ಪೂಜೆಯನ್ನು ಅಲ್ಲಿ ನಿಧಾನವಾಗಿ ಮಾಡಿದರು, ಅದು ಕರಗುವವರೆಗೂ. ಮಂಜೂರ್ ಟೋಪಿ ಸರಿಪಡಿಸಿಕೊಂಡು ನಿಂತಿದ್ದ.

ಅಂಗೈ ಕೆಂಪಾಗಿ ಸೆಟೆದುಕೊಂಡಿತ್ತು. ಅದರಲ್ಲಿ ನಿಂತ ನೀರನ್ನು ಅತ್ತೆ ತೀರ್ಥದಂತೆ ಕುಡಿದರು. ಉಳಿದದ್ದನ್ನು ನನ್ನತ್ತ ಚಾಚಿದರು. ಮನೆಯಲ್ಲಿ ಎರಡು ಸಲ ಕಾಯಿಸದೆ ನೀರು ಕುಡಿಯದ ನಾನು ಬಗ್ಗಿ ಅವರ ಕೈಗೆ ಬಾಯಿಟ್ಟೆ.

"ಗುರುಗಳು ಇನ್ನೊಂದು ಲಿಂಗ ಕೊಡೋತನಕ ಇಷ್ಟು ಸಾಕು," ಎಂದವರು ಗ್ಲೂಕೋಸ್ ಬಾಯಿಗೆ ಸುರಿದುಕೊಂಡು, ಮಂಜೂರ್ ಕಡೆ ತಿರುಗಿದರು. "ಅವನಿಗೂ ನಿಪ್ಪಟ್ಟು ಕೊಡೇ. ಪಾಪ, ನನ್ನಿಂದ ಅವನಿಗೂ ಉಪವಾಸ."