ಅಪ್ಪನ ಪೆಟ್ಟಿಗೆ

ನಮ್ಮಣ್ಣ ಅಬುಂದಿಯೊ ಕೈಗೆ ಬಾಡಿಗೆ ವ್ಯಾನ್ ಸಿಕ್ಕಿದರೆ ಮೈಮೇಲೆ ದೇವರು ಬಂದ ಹಾಗೆ. ವರ್ಷಕ್ಕೊಮ್ಮೆ, ಸತ್ತವರ ಹಬ್ಬಕ್ಕೆ ಮುಂಚೆ, ಮಣ್ಣಿಂದ ತೆಗೆದು ಸ್ಮಶಾನದ ಪೆಟ್ಟಿಗೆಯಲ್ಲಿಟ್ಟ ಅಪ್ಪನ ಎಲುಬುಗಳ ಧೂಳು ಒರೆಸಿ ಹೊಸ ಬಟ್ಟೆ ಹೊದಿಸಲು ಊರಿಗೆ ಹೋಗುತ್ತೇವೆ. ಈ ಸಲ ಅವನು ನೆಟ್ಟಗೆ ಹೋಗಲೇ ಇಲ್ಲ. ಇಸಮಾಲ್‌ನ ಹಳದಿ ಬೀದಿಗಳಲ್ಲಿ ನಮ್ಮನ್ನು ಸುತ್ತಿಸಿ, ಕಂಪೆಚೆಯ ಕೋಟೆಗೋಡೆ ಹತ್ತಿಸಿ, ಕೊನೆಗೆ ಎಡ್ಸ್ನಾದ ಪಾಳುಗುಡಿಯ ಮುಂದೆ ನಿಲ್ಲಿಸಿದ.

"ಪ್ರಪಂಚ ಎಲ್ಲ ಬಂದು ನೋಡತ್ತೆ, ನಾವೇ ನೋಡಿಲ್ಲ," ಎಂದ.

"ನೋಡೋದೇನಿದೆ? ನಿಮ್ಮಪ್ಪ ಇಲ್ಲಿ ಹುಲ್ಲು ಕೀಳ್ತಿದ್ದಾಗ ಆ ಮೆಟ್ಟಿಲಿಂದ್ಲೇ ಉರುಳಿದ್ದು. ಎಡಗಾಲು ಮುರಿದು ಕುಡುಗೋಲಿನ ಹಾಗೆ ಸೊಟ್ಟಗೆ ಕೂಡ್ಕೊಳ್ತು," ಎಂದ ಅಮ್ಮ ತಟ್ಟನೆ ನಾಲಿಗೆ ಕಚ್ಚಿಕೊಂಡಳು.

ಸ್ಮಶಾನದಲ್ಲಿ ಪ್ರತಿ ವರ್ಷ ಒರೆಸುವವಳು ಅಮ್ಮನೇ. ನಾವು ಹೂ ಹಿಡಿದು ನಿಲ್ಲುವವರು. ಈ ಸಲ ಅವಳ ಬೆರಳು ಊದಿಕೊಂಡಿದ್ದವು. ಬೇಡ ಬೇಡವೆಂದರೂ ಕುಂಚ ಕಿತ್ತುಕೊಂಡೆ. ಬುರುಡೆ, ಪಕ್ಕೆಲುಬು, ತೋಳು ಮುಗಿಸಿ ಕಾಲಿಗೆ ಬಂದೆ. ಎರಡೂ ನೆಟ್ಟಗಿದ್ದವು. ತಿರುಗಿಸಿ ನೋಡಿದೆ, ಬಿಸಿಲಿಗೆ ಹಿಡಿದೆ.

"ಅಣ್ಣ, ಇದು ಅಪ್ಪ ಅಲ್ಲ."

"ತಲೆಗಿಲೆ ಕೆಟ್ಟಿದ್ಯೇನೇ? ಬಟ್ಟೆ ಮೇಲೆ ಹಸಿಂತೊ ಅಂತ ಅಪ್ಪನ ಹೆಸರಿನ ಕಸೂತಿ ಇದೆಯಲ್ಲ."

"ಬಟ್ಟೆ ಅಪ್ಪಂದು. ಕಾಲು ಯಾರ್ದೋ."

"ಮೆತ್ತಗೆ ಮಾತಾಡಿ," ಎಂದಳು ಅಮ್ಮ. "ಅದು ನಮ್ಮೂರ ಕಸಿಲ್ದಾಳ ಗಂಡ ಎರ್ಮಿಲೊ. ಮಣ್ಣಿಂದ ತೆಗೆದ ದಿನ ಇಬ್ಬರದೂ ಒಟ್ಟಿಗೆ ತೆಗೆದ್ರು, ಇವರದನ್ನ ಅವರ ಪೆಟ್ಟಿಗೆಗೆ, ಅವರದನ್ನ ಇವರ ಪೆಟ್ಟಿಗೆಗೆ ತುಂಬಿದ್ರು. ನಿಮ್ಮಪ್ಪ ಗೋಡೆಯಾಚೆ ಅವಳ ಪೆಟ್ಟಿಗೇಲಿ ಇದಾರೆ. ಮೊದಲ್ನೇ ಸಲ ಒರೆಸುವಾಗ್ಲೇ ನಂಗೊತ್ತಾಯ್ತು."

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ?" ನನಗೆ ಅಳು, ಸಿಟ್ಟು ಒಟ್ಟಿಗೇ ಬಂತು. ಬೇರೆ ಯಾರದೋ ಗಂಡನ ಮುಂದೆ ನಿಂತು ನಾನು ವರ್ಷ ವರ್ಷ ಅತ್ತಿದ್ದೆ.

"ಕಸಿಲ್ದಾ ಎಷ್ಟು ಅಕ್ಕರೆಯಿಂದ ಒರೆಸ್ತಾಳೆ ಗೊತ್ತಾ? ಮಕ್ಕಳಿಲ್ಲ ಮರಿಯಿಲ್ಲ. ಅದು ನಿನ್ನ ಗಂಡ ಅಲ್ಲ ಕಣೇ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನಾನು ಹೇಳ್ತೀನಿ. ಅಪ್ಪನ್ನ ಈಗ್ಲೇ ತರ್ತೀನಿ." ಅಣ್ಣ ಎದ್ದ. ಅಮ್ಮ ಅವನ ಅಂಗಿ ಹಿಡಿದೆಳೆದಳು.

ಅಷ್ಟರಲ್ಲಿ ಗೋಡೆಯಾಚೆ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಕಸಿಲ್ದಮ್ಮನ ಕೆಮ್ಮು ಕೇಳಿಸಿತು. ಈಚೆ ನಾವಿರುವುದು ಅವಳಿಗೆ ಗೊತ್ತಿರಲಿಲ್ಲ.

"ಮಳೆಗಾಲದಲ್ಲಿ ಈ ಸೊಟ್ಟ ಕಾಲು ನೋಯ್ತಾ, ಹಸಿಂತಣ್ಣ?" ಮುದುಕಿ ಎಲುಬಿನ ಜೊತೆ ಮಾತಾಡುತ್ತಿದ್ದಳು. "ಇನ್ನೊಂದಷ್ಟು ದಿನ ಸುಮ್ನಿರಪ್ಪ. ಫಿದೆಲಿಯಾಗೆ ಗೊತ್ತಾದ್ರೆ ಎದೆ ಒಡ್ಕೊಂಡು ಸಾಯ್ತಾಳೆ."

ಅಣ್ಣ ನಿಂತಲ್ಲೇ ನಿಂತ. ಅಮ್ಮನ ಕೈಯಿಂದ ಅವನ ಅಂಗಿ ಜಾರಿತು. ಫಿದೆಲಿಯಾ ಎಂದರೆ ಅಮ್ಮನೇ. ಅವಳು ಎರ್ಮಿಲೊನ ಬುರುಡೆಯನ್ನು ಮಡಿಲಿಗೆ ಎತ್ತಿಕೊಂಡು ಕೂಗಿದಳು:

"ಕಸಿಲ್ದಾ, ಈ ಕಡೆ ಬಾರೇ. ಬರುವಾಗ ನಮ್ಮ ಯಜಮಾನರನ್ನೂ ಎತ್ಕೊಂಡು ಬಾ. ನಿಮ್ಮವರು ಇಲ್ಲಿದಾರೆ."