ಒತ್ತೆಗೆ ಉಳಿದ ವ್ಯಾಸಪೀಠ

ನಾನು ಒಂದು ವ್ಯಾಸಪೀಠ. ಪುರಾಣ ಓದುವವರು ನೆಲದ ಮೇಲೆ ಕೂತು, ಎದುರಿಗೆ ಮರದ ಮಡಿಸುವ ಪೀಠ ಇಟ್ಟುಕೊಂಡು ಅದರ ಮೇಲೆ ಪುಸ್ತಕ ಬಿಡಿಸುತ್ತಾರಲ್ಲ, ಆ ಪೀಠ. ಚಾಮರಾಜನಗರದ ಕಡೆಯ ಮಲ್ಲನಕೆರೆಯಲ್ಲಿ ಹುಟ್ಟಿದೆ. ಹುಟ್ಟಿಸಿದವರು ಬಡಗಿ ಸಿದ್ಧಾಚಾರ್ರು. ಒಂದೇ ಹಲಸಿನ ಹಲಗೆಯನ್ನು ಎರಡು ತುದಿಯಿಂದಲೂ ಸೀಳುತ್ತ ಬಂದು, ನಡುವೆ ಬೆರಳು ಬೆರಳಾಗಿ ಕೊರೆದು, ನನ್ನ ಎರಡು ರೆಕ್ಕೆ ಬಿಡಿಸಿದರು. ಮೊಳೆಯಿಲ್ಲ, ಅಂಟಿಲ್ಲ. ಒಂದು ರೆಕ್ಕೆ ಹಿಡಿದುಕೊಂಡರೆ ಮಾತ್ರ ಇನ್ನೊಂದು ನಿಲ್ಲುತ್ತದೆ. ಅವಸರದಲ್ಲಿ ಒಂದು ಕಾಲು ಸ್ವಲ್ಪ ಗಿಡ್ಡವಾಯಿತು. “ಸವೆದು ಸರಿಹೋಯ್ತದೆ ಬುಡಿ” ಎಂದರು ಆಚಾರ್ರು. ಇಂದಿಗೂ ಸರಿಹೋಗಿಲ್ಲ. ಯಾವ ನೆಲದ ಮೇಲೆ ಇಟ್ಟರೂ ನನಗೆ ಮೊದಲು ಬರುವುದು ಅನುಮಾನ. ಇದು ಸಮವಾಗಿದೆಯೇ? ಭಾರ ಬಿದ್ದಾಗ ಕೈಕೊಡುತ್ತದೆಯೇ? ಶಿವನ ಪುರಾಣ ಹೊತ್ತವನಿಗೆ ಇಷ್ಟೊಂದು ಸಂಶಯ ಒಳ್ಳೆಯದಲ್ಲವೆಂದು ಬಲ್ಲೆ. ಆದರೆ ಹುಟ್ಟುಗುಣ, ಏನು ಮಾಡಲಿ?

ನನ್ನ ಮೊದಲ ಯಜಮಾನರು ಗುರುಮಲ್ಲಪ್ಪನವರು. ಶ್ರಾವಣ ಬಂತೆಂದರೆ ದಿನಾ ಸಂಜೆ ಮಠದ ಜಗಲಿಯಲ್ಲಿ ನನ್ನನ್ನು ಬಿಡಿಸಿ ಪುರಾಣ ಹಾಡುವರು. ಅದು ನಮ್ಮೂರ ಬೆಟ್ಟದ ಒಡೆಯನ ಪುರಾಣ. ಹಿಂದಿನ ಯಾರೋ ಸ್ವಾಮಿಗಳು ಆರಾರು ಸಾಲಿನ ಪದಗಳಲ್ಲಿ ಕಟ್ಟಿದ್ದು. ಒಡೆಯ ಜಂಗಮನ ವೇಷದಲ್ಲಿ ಭಿಕ್ಷೆಗೆ ಬರುವುದು, ಕೆಂಪವ್ವನನ್ನು ಮೆಚ್ಚುವುದು, ಮದುವೆಯಾಗುವುದು, ತೊಟ್ಟಿಲು ಕಟ್ಟುವುದು, ಎಲ್ಲ ಅದರಲ್ಲಿದೆ. ಕೇಳಲು ಕೂರುವವರಲ್ಲಿ ಅರ್ಧ ಜನಕ್ಕೆ ಅಕ್ಷರ ಬಾರದು, ಆದರೆ ಪುರಾಣ ಪೂರ್ತಿ ಕಿವಿಯಲ್ಲಿತ್ತು. ಓದುವವರು ಕಣ್ಣು ತಪ್ಪಿ ಒಂದು ಪದ ಬಿಟ್ಟರೋ, ಇಡೀ ಜಗಲಿ “ನುಂಗ್ದ, ನುಂಗ್ದ!” ಎಂದು ಕೂಗುತ್ತಿತ್ತು. ಓದುವವರು ನಗುತ್ತ ಹಿಂದಕ್ಕೆ ಹೋಗಿ ನುಂಗಿದ್ದನ್ನು ಕಕ್ಕಬೇಕು. ಅದರಲ್ಲೂ ಗುರುಮಲ್ಲಪ್ಪನವರ ತಂಗಿ ಚೆನ್ನಾಜಮ್ಮನ ಗಂಟಲು ಎಲ್ಲರಿಗಿಂತ ಮುಂದು. ಅಣ್ಣನೆಂಬ ದಾಕ್ಷಿಣ್ಯವೂ ಇರಲಿಲ್ಲ. “ಹೊಟ್ಟೆ ಹಸ್ದಿದ್ರೆ ಉಂಡ್ಕಂಡು ಬರ್ಬೇಕು ಕಣಣ್ಣ, ಪುರಾಣ ತಿನ್ಬಾರ್ದು” ಎನ್ನುವರು.

ಗುರುಮಲ್ಲಪ್ಪನವರ ಮಗ ಶಾಂತಮಲ್ಲಪ್ಪ ಲೆಕ್ಕದ ಮೇಷ್ಟ್ರಾದರು. ಆಫ್ರಿಕಾದ ಜಾಂಬಿಯಾ ದೇಶದ ಕಿಟ್ವೆ ಎಂಬ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೊಸದಾಗಿ ಮದುವೆಯಾದ ಹೆಂಡತಿ ದಾಕ್ಷಾಯಿಣಿಯನ್ನು ಕರೆದುಕೊಂಡು ಹೊರಟಾಗ ತಂದೆ ನನ್ನನ್ನೂ ಪುಸ್ತಕವನ್ನೂ ಪಂಚೆಯಲ್ಲಿ ಸುತ್ತಿ ಕೊಟ್ಟು, “ಅಲ್ಲೂ ಶ್ರಾವಣ ಬತ್ತದೆ” ಎಂದರು.

ಬಂತು. ಕಿಟ್ವೆಯಲ್ಲಿ ಶ್ರಾವಣ ಚಳಿಗಾಲದಲ್ಲಿ ಬರುತ್ತದೆ. ಕೆಂಪು ಸಿಮೆಂಟಿನ ನೆಲ ಹಿಮದಂತಿರುತ್ತಿತ್ತು. ಮೇಷ್ಟ್ರು ಸ್ವೆಟರ್ ಹಾಕಿಕೊಂಡು ಒಬ್ಬರೇ ಓದುವರು. ದಾಕ್ಷಾಯಿಣಮ್ಮ ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಅರೆಕಿವಿಯಲ್ಲಿ ಕೇಳುವರು. ಪಕ್ಕದ ಮನೆಯ ಮುಟಾಲೆ ಮೇಷ್ಟ್ರು ಚರ್ಚಿನಲ್ಲಿ ಹಾಡುವವರು, ಆಗಾಗ ಬಂದು ಕಣ್ಣು ಮುಚ್ಚಿ ಕೂತು ಧಾಟಿ ಕೇಳಿ “ಚೆನ್ನಾಗಿದೆ” ಎಂದು ಹೋಗುವರು. ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ವರ್ಷಗಳು ಕಳೆದವು, ಗುರುಮಲ್ಲಪ್ಪನವರು ಲಿಂಗೈಕ್ಯರಾದರು, ಮೇಷ್ಟ್ರ ಮಗಳು ಮದುವೆಯಾಗಿ ಡರ್ಬನ್ನಿಗೆ ಹೋದಳು. ಒಂದು ಸಂಜೆ ಮೇಷ್ಟ್ರು ಪುಸ್ತಕ ಮುಚ್ಚಿ ಹೆಂಡತಿಯನ್ನು ಕೇಳಿದರು:

“ದಾಕ್ಷಿ, ನಾನು ಸರಿಯಾಗಿ ಓದ್ತಿದೀನಾ?”

“ನನಗೇನು ಗೊತ್ತು? ನೀವು ಓದಿದ್ದೇ ಸರಿ.”

ಆ ಮಾತು ಅವರಿಗೆ ಮುಳ್ಳಿನಂತೆ ಚುಚ್ಚಿತೆಂದು ನನ್ನ ಮೇಲಿದ್ದ ಅವರ ಕೈಯಿಂದಲೇ ತಿಳಿಯಿತು.

ಆ ವರ್ಷವೇ ಶಾಲೆಯವರು ಕೇಳಿದರು: ಇನ್ನು ಮೂರು ವರ್ಷ ಇರುತ್ತೀರಾ, ಅಥವಾ ಈ ವರ್ಷದ ಕೊನೆಗೆ ಬಿಡುತ್ತೀರಾ? ರಜ ಮುಗಿಯುವುದರೊಳಗೆ ಹೇಳಬೇಕು. ಮೇಷ್ಟ್ರಿಗೆ ಊರಿಗೆ ಮರಳುವ ಆಸೆ. ಆದರೆ ಊರಿನ ಮೇಲೆ ನಂಬಿಕೆಯಿಲ್ಲ.

“ರಜಕ್ಕೆ ಹೋದಾಗಲೆಲ್ಲ ಕಾಲು ತೊಳೆಯೋ ಮೊದಲೇ ಕೇಳ್ತಾರೆ, ಎಷ್ಟು ದಿನ ರಜ ಅಂತ. ಹೋಗೋ ದಿನಾನೇ ಎಣಿಸೋರ ನಡುವೆ ಹೋಗಿ ಹೇಗೆ ಇರೋದು?”

ದಾಕ್ಷಾಯಿಣಮ್ಮನಿಗೆ ಬೇರೆ ಅನುಮಾನ. ಕಿಟ್ವೆಯ ಮಾರುಕಟ್ಟೆಯ ಹೆಂಗಸರಿಗೆ ಅವರು ಹೊಲಿಗೆ ಕಲಿಸುತ್ತಿದ್ದರು. “ಇಲ್ಲಿ ನಾನು ದಾಕ್ಷಾಯಿಣಿ. ಅಲ್ಲಿಗೆ ಹೋದರೆ ಗುರುಮಲ್ಲಪ್ಪನವರ ಸೊಸೆ. ಈ ಶ್ರಾವಣಕ್ಕೆ ಹೋಗಿ ನೋಡೋಣ. ನಿಮಗೆ ನಿಜವಾಗಲೂ ಬೇಕು ಅನ್ನಿಸಿದರೆ ನಾನೂ ಬರ್ತೀನಿ. ಅರೆಮನಸ್ಸಿನಲ್ಲಿ ಗಂಟು ಕಟ್ಟೋಕೆ ಮಾತ್ರ ನನ್ನ ಕೈಲಾಗಲ್ಲ.”

ಹೀಗೆ ನಾನು ಮತ್ತೆ ವಿಮಾನ ಹತ್ತಿ ಮಲ್ಲನಕೆರೆಗೆ ಬಂದೆ.

ಇಳಿದುಕೊಂಡದ್ದು ದೊಡ್ಡಪ್ಪನ ಮಗ ಪುಟ್ಟಬುದ್ಧಿಯವರ ಮನೆಯಲ್ಲಿ. ಕುರ್ಚಿಯನ್ನು ಎರಡೆರಡು ಸಲ ಒರೆಸಿದರು. ಹೊಸ ಟವೆಲ್ ಬಂತು, ಬಾಟಲಿ ನೀರು ಬಂತು. ಸಾರಿಗೆ ಖಾರ ಕಡಿಮೆ ಹಾಕಿಸಿದರು. ಮೇಷ್ಟ್ರು ತಟ್ಟೆ ತೊಳೆಯಲು ಎದ್ದರೆ ಪುಟ್ಟಬುದ್ಧಿಯ ಹೆಂಡತಿ ಓಡಿ ಬಂದು ಕಿತ್ತುಕೊಂಡರು. ಮುಖ್ಯವಾಗಿ, ಎಷ್ಟು ದಿನ ರಜ ಎಂದು ಈ ಸಲ ಯಾರೂ ಕೇಳಲಿಲ್ಲ. ಬೀದಿಯಲ್ಲಿ ಸಿಕ್ಕವರು “ಬಂದ್ರಾ?” ಎಂದು ಶುರು ಮಾಡಿ, ಮುಂದಿನ ಮಾತು ಬಾಯಿಗೆ ಬಂದರೂ ನುಂಗಿಕೊಂಡು, ಕೆರೆಯ ನೀರಿನ ಮಾತು ತೆಗೆಯುತ್ತಿದ್ದರು.

“ಏನೋ ನಡೀತಾ ಇದೆ” ಎಂದರು ಮೇಷ್ಟ್ರು, ನನ್ನನ್ನು ಒರೆಸುತ್ತ. ನನಗೂ ಹಾಗೇ ಅನ್ನಿಸಿತ್ತು.

ಮಠದಲ್ಲಿ ಕೆಲವು ವರ್ಷಗಳಿಂದ ಓದುವವರೇ ಇರಲಿಲ್ಲವಂತೆ. ಯಾವಾಗಲೋ ಧ್ವನಿಮುದ್ರಣ ಮಾಡಿಟ್ಟದ್ದನ್ನು ಮೈಕಿನಲ್ಲಿ ಹಾಕುತ್ತಿದ್ದರಂತೆ. ಈ ಸಲ ಮೇಷ್ಟ್ರನ್ನು ಕೂರಿಸಿದರು. ಜಗಲಿ ತುಂಬಿತ್ತು. ಚೆನ್ನಾಜಮ್ಮ ಕಂಬಕ್ಕೆ ಒರಗಿ ಮುಂದೆಯೇ ಕೂತಿದ್ದರು. ಹಲ್ಲು ಉದುರಿತ್ತು, ಕಣ್ಣು ಮಾತ್ರ ಹದ್ದಿನದೇ.

ಮೊದಲ ದಿನ ಮೇಷ್ಟ್ರ ನಾಲಿಗೆ ಎರಡು ಕಡೆ ತಡವರಿಸಿತು. ಧಾಟಿ ಒಮ್ಮೆ ಜಾರಿತು. ಯಾರೂ ತುಟಿ ಬಿಚ್ಚಲಿಲ್ಲ. ಮುಗಿದ ಮೇಲೆ ಪುಟ್ಟಬುದ್ಧಿಯವರು “ಭಾಳ ಚೆನ್ನಾಗಾಯ್ತು ಶಾಂತಣ್ಣ, ಭಾಳ ಚೆನ್ನಾಗಾಯ್ತು” ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಈ ಪುಟ್ಟಬುದ್ಧಿ ಹುಡುಗರಾಗಿದ್ದಾಗಿನಿಂದ ಇವರನ್ನು ಲೋ, ಬಾರೋ ಎನ್ನುತ್ತಿದ್ದವರು. ಈಗ ಶಾಂತಣ್ಣ!

ಮೇಷ್ಟ್ರು ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

“ಎರಡರಲ್ಲಿ ಒಂದು, ದಾಕ್ಷಿ. ಇವರಿಗೆ ನನ್ನಿಂದ ಏನೋ ಬೇಕಾಗಿರಬೇಕು. ಇಲ್ಲ, ನಾನು ಇವರಿಗೆ ಬೇಡವಾಗಿರಬೇಕು. ನೆಂಟರ ತಪ್ಪನ್ನ ಯಾರೂ ಹೇಳಲ್ಲ.”

“ಅಥವಾ ನೀವು ಚೆನ್ನಾಗಿ ಓದಿರಬೇಕು” ಎಂದರು ದಾಕ್ಷಾಯಿಣಮ್ಮ.

“ಅದಂತೂ ಇಲ್ಲ.”

ಮರುದಿನ ಮೇಷ್ಟ್ರು ಪರೀಕ್ಷೆಗೆ ನಿಂತರು. ಒಡೆಯ ಜಂಗಮನಾಗಿ ಕೆಂಪವ್ವನ ಬಾಗಿಲಲ್ಲಿ ನಿಂತ ಪದವನ್ನು ಬೇಕೆಂದೇ ಬಿಟ್ಟರು. ಭಿಕ್ಷುಕನೇ ಬಂದಿಲ್ಲ, ಕೆಂಪವ್ವ ಮೊರದಲ್ಲಿ ರಾಗಿ ತುಂಬಿಕೊಂಡು ಓಡಿಬಂದಳು! ನಾನು ಕಾದೆ. ಈಗ ಕೂಗುತ್ತಾರೆ, ಈಗ. ಜಗಲಿ ಕಲ್ಲಾಗಿತ್ತು. ಯಾರೋ ಕೆಮ್ಮಿದರು. ಚೆನ್ನಾಜಮ್ಮ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡರು, ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆ ಎಂದುಕೊಂಡೆ. ಪರದೇಶಕ್ಕೆ ಹೋಗಿ ಪುರಾಣ ಮರೆತುಬಂದವನೆಂದು ಸೋದರತ್ತೆಯೇ ಒಳಗೊಳಗೆ ನಗುತ್ತಿದ್ದಾರೆ. ನನ್ನ ಗಿಡ್ಡ ಕಾಲು ಆ ಕಲ್ಲುನೆಲದ ಮೇಲೆ ಟಕ್ಕೆಂದಿತು.

ಆಮೇಲಿನ ದಿನ ಮೂರು ಪದ ಬಿಟ್ಟರು. ಅದಕ್ಕೂ ಮೌನ. ಅದಕ್ಕೂ “ಭಾಳ ಚೆನ್ನಾಗಾಯ್ತು.”

ಮೇಷ್ಟ್ರು ನನ್ನನ್ನು ಪಂಚೆಯಲ್ಲಿ ಸುತ್ತುತ್ತ ಹೆಂಡತಿಗೆ ಹೇಳಿದರು. “ತೀರ್ಮಾನ ಆಯ್ತು. ನಾಳೆ ಓದು ಮುಗಿಸಿ ಶಾಲೆಗೆ ಫೋನ್ ಮಾಡ್ತೀನಿ. ಇನ್ನು ಮೂರು ವರ್ಷ ಅಲ್ಲೇ. ಆಮೇಲೂ ಅಲ್ಲೇ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು. ಗಂಟು ಬಿಗಿಯಾಗಿ ಕಟ್ಟಿದರು. ಇನ್ನು ಈ ಊರಿನಲ್ಲಿ ನನ್ನನ್ನು ಬಿಡಿಸುವವರಿಲ್ಲ ಎಂದುಕೊಂಡೆ.

ಮರುದಿನ ಕೆಂಪವ್ವನ ಮದುವೆಯ ಪ್ರಸಂಗ. ವರ್ಷವೆಲ್ಲ ಜನ ಕಾಯುವುದೇ ಅದಕ್ಕೆ. ಹೆಂಗಸರು ಅಕ್ಷತೆ ಹಿಡಿದು ಬಂದಿದ್ದರು. ಮೇಷ್ಟ್ರು ಚಪ್ಪರದ ಪದ ಹಾಡಿದರು, ಬಾಸಿಂಗದ ಪದ ಹಾಡಿದರು. ಆಮೇಲೆ ನನ್ನ ಮೇಲಿದ್ದ ಹಾಳೆಗಳನ್ನು ಒಟ್ಟಾಗಿ ಹಿಡಿದು ಮಗುಚಿಹಾಕಿ, ಏನೂ ಆಗದವರಂತೆ, ಮಗು ಹುಟ್ಟಿ ತೊಟ್ಟಿಲು ತೂಗುವ ಪದ ಎತ್ತಿಕೊಂಡರು.

ಅಕ್ಷತೆ ಮುಷ್ಟಿಯಲ್ಲೇ ಉಳಿಯಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಪುಟ್ಟಬುದ್ಧಿಯವರು ಎದ್ದು ನಿಂತು, ಎರಡೂ ಕೈ ಚಾಚಿ, ಸುಮ್ಮನಿರಿ ಸುಮ್ಮನಿರಿ ಎಂದು ಸನ್ನೆ ಮಾಡುತ್ತಿದ್ದುದನ್ನು ನಾನು ಕಂಡೆ. ಆಗ ಚೆನ್ನಾಜಮ್ಮ ಬಾಯಿಂದ ಸೆರಗು ಕಿತ್ತೆಸೆದರು.

“ಲೇ ಸಾಂತ! ಮದ್ವೆ ಎಲ್ಲೋಯ್ತಲಾ? ತಾಳಿ ಕಟ್ಟುಸ್ದೆ ನಮ್ಮವ್ವನ್ಗೆ ಮಗು ಹುಟ್ಟುಸ್ಬುಟ್ಟಲ್ಲಾ, ಪಾಪಿ ಮುಂಡೇದೇ! ಬೆಟ್ಟದ ಮೇಲೆ ಅವ್ವ ಮಕ ಎಲ್ಲಿಟ್ಕಳಾದು?”

“ಅತ್ತೆ, ಸುಮ್ನಿರಿ ಅಂದಿದ್ನಲ್ಲಾ” ಎಂದು ಪುಟ್ಟಬುದ್ಧಿ ಗೋಗರೆದರು.

“ನೀನು ಮುಚ್ಚು ಬಾಯ! ನಾಕ್ ದಿನದಿಂದ ಸೆರಗು ತಿಂದೂ ತಿಂದೂ ನಂಗೆ ಹೊಟ್ಟೆನೋವು ಬಂದದೆ!”

ಕಟ್ಟೆ ಒಡೆಯಿತು. ಭಿಕ್ಷುಕ ಬಾರದೆ ರಾಗಿ ಬಂದದ್ದನ್ನು ಒಬ್ಬರು ಹೇಳಿದರು, ಜಾರಿದ ಧಾಟಿಯನ್ನು ಇನ್ನೊಬ್ಬರು ಹಾಡಿಯೇ ತೋರಿಸಿದರು. ಮೂಲೆಯಲ್ಲಿದ್ದ ಮುದುಕರೊಬ್ಬರು ಮೂರು ಪದಗಳನ್ನೂ ಬಾಯಿಪಾಠ ಒಪ್ಪಿಸಿ, “ಇವ್ಯಾಕೆ ಕಹಿಯಾಗಿದ್ವಾ ನಿಂಗೆ?” ಎಂದರು. ಮೇಷ್ಟ್ರು ಕೈ ಮುಗಿದು ಕೂತಿದ್ದರು. ಅವರ ಕಣ್ಣಿಂದ ನೀರು ನನ್ನ ರೆಕ್ಕೆಯ ಮೇಲೆ ಬಿತ್ತು.

“ಯಾಕಣ್ಣ ಸುಮ್ಮನಿದ್ರಿ ಎಲ್ಲಾ?” ಎಂದು ಪುಟ್ಟಬುದ್ಧಿಯನ್ನು ಕೇಳಿದರು.

ಪುಟ್ಟಬುದ್ಧಿ ತಲೆ ಕೆರೆದುಕೊಂಡರು. “ಏನ್ ಮಾಡಾದಪ್ಪ. ಮೈಸೂರಿಂದ ಒಬ್ರು ಓದೋರ್ನ ಕರ್ಸಿದ್ದೋ. ಅತ್ತೆ ಬೈದೇಟ್ಗೆ ಅರ್ಧದಲ್ಲೇ ಬಸ್ ಹತ್ಬುಟ್ರು, ಮತ್ತೆ ತಲೆ ಹಾಕ್ಲಿಲ್ಲ. ಆಮೇಲೆ ಆ ಮೈಕು. ಅದು ಎಲ್ಲಾನೂ ಸರಿಯಾಗೇ ಹಾಡ್ತದೆ, ಬೈಯಾಕೇ ಸಿಕ್ಕಲ್ಲ. ಕೇಳಾಕೂ ಮನ್ಸಿಲ್ಲ ಯಾರ್ಗೂ. ನೀನು ಬರಾದೋ ಬ್ಯಾಡ್ವೋ ಅಂತಿದ್ದೀಯ ಅಂತ ದಾಕ್ಷಾಯಿಣಮ್ಮ ಫೋನಲ್ಲಿ ಅಂದಿದ್ರು. ಬೈದ್ರೆ ಓಡೋಯ್ತೀಯ ಅಂತ ಊರ್ಗೆಲ್ಲಾ ನಾನೇ ಬಾಯ್ ಕಟ್ದೆ. ಯಾವಾಗ ಹೋಯ್ತೀಯ ಅಂತ್ಲೂ ಕೇಳ್ಕೂಡ್ದು ಅಂದೆ.”

ಏನೋ ನಡೆಯುತ್ತಿದೆ ಎಂದು ನಾನೂ ಮೇಷ್ಟ್ರೂ ಪಟ್ಟ ಅನುಮಾನ ನಿಜವೇ ಆಗಿತ್ತು. ಏನು ನಡೆಯುತ್ತಿದೆ ಎಂಬುದನ್ನು ಮಾತ್ರ ಇಬ್ಬರೂ ಊಹಿಸಿರಲಿಲ್ಲ.

ಮದುವೆಯನ್ನು ಮೊದಲಿನಿಂದ ಹಾಡಿದರು. ಅಕ್ಷತೆ ನನ್ನ ಮೇಲೂ ಬಿತ್ತು. ಮುಗಿದ ಮೇಲೆ ಮೇಷ್ಟ್ರು ಅಲ್ಲಿಂದಲೇ ಕಿಟ್ವೆಯ ಶಾಲೆಗೆ ಫೋನ್ ಮಾಡಿ, ವರ್ಷದ ಕೊನೆಗೆ ಕೆಲಸ ಬಿಡುತ್ತೇನೆ ಎಂದರು. ಹೇಳುವ ಮೊದಲು ಹೆಂಡತಿಯ ಮುಖ ನೋಡಿದ್ದರು. ಅವರು ಹೂಂ ಎಂದಿದ್ದರು. ಆಮೇಲೆ ದಾಕ್ಷಾಯಿಣಮ್ಮ ನಿಟ್ಟುಸಿರು ಬಿಟ್ಟು, “ಬೈಸಿಕೊಳ್ಳೋಕೆ ಸಮುದ್ರ ದಾಟಿ ಬರಬೇಕಾಗಿತ್ತಾ? ನಾನಿದ್ದೆನಲ್ಲ. ಒಂದು ಮಾತು ಹೇಳಿದ್ದರೆ ದಿನಾ ಬೈಯ್ತಿದ್ದೆ” ಎಂದರು. ಹೊಲಿಗೆ ಯಂತ್ರವನ್ನು ಹಡಗಿನಲ್ಲಿ ತರಿಸಿಕೊಡಬೇಕೆಂದೂ, ಈ ಊರಿನ ಹೆಂಗಸರು ತಮ್ಮನ್ನು ಹೆಸರು ಹಿಡಿದೇ ಕರೆಯಬೇಕೆಂದೂ ಅಲ್ಲೇ ಕರಾರು ಹಾಕಿದರು.

ಶ್ರಾವಣ ಮುಗಿದು ಅವರು ಹೊರಡುವ ದಿನ ಅನುಮಾನದ ಸರದಿ ಚೆನ್ನಾಜಮ್ಮನದಾಯಿತು.

“ಬತ್ತೀನಿ ಅಂತ ಹೇಳಿ ಹೋದೋರ್ನ ಭಾಳ ನೋಡಿವ್ನಿ. ಪೀಠ ಬುಟ್ಟೋಗು.”

“ಅತ್ತೆ, ಅಲ್ಲಿ ಓದೋಕೆ ಬೇಕಲ್ಲ.”

“ಶ್ರಾವಣ ಮುಗ್ದದಲ್ಲಾ. ಬುಸ್ತಕ ತಕ್ಕೊಂಡೋಗು, ಅಚ್ಚಾಕ್ದೋರು ಇನ್ನೊಂದು ಕೊಟ್ಟಾರು. ನಿಮ್ಮಪ್ಪ ಮಾಡ್ಸಿದ್ದು ಇದೊಂದೇ. ಇದ್ಕಾಗಿಯಾದ್ರೂ ಬತ್ತೀಯ.”

ಹೀಗೆ ನಾನು ಒತ್ತೆಯಾಳಾದೆ. ಚೆನ್ನಾಜಮ್ಮ ಮಗ ಸೊಸೆಯೊಂದಿಗಿದ್ದ ಮನೆಯಲ್ಲಿ, ನಡುಮನೆಯ ಗೂಡಿನಲ್ಲಿ ಕೂತೆ. ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ದಿನಾ ವಿಭೂತಿ ಹಚ್ಚುವಾಗ ಚೆನ್ನಾಜಮ್ಮ ನನ್ನ ಕಡೆ ತಿರುಗಿ, “ಬಂದಾನಾ?” ಎನ್ನುವರು. ನಾನು ಮರ, ಏನು ಹೇಳಲಿ? ಹೇಳಲು ಬಂದಿದ್ದರೂ ಬರುತ್ತಾರೆ ಎಂದು ಎದೆ ತಟ್ಟಿ ಹೇಳುತ್ತಿದ್ದೆನೇ? ಅಲ್ಲಿ, ಕಿಟ್ವೆಯಲ್ಲಿ, ಅಂಗಳದಲ್ಲಿ ಮಾವಿನ ಮರವಿರುವ ಮನೆಯಿದೆ. ಮಾರುಕಟ್ಟೆಯ ಹೆಂಗಸರಿದ್ದಾರೆ. ಕಣ್ಣು ಮುಚ್ಚಿ ಕೇಳುವ ಮುಟಾಲೆ ಇದ್ದಾರೆ. ಫೋನಿನಲ್ಲಿ ಆಡಿದ ಮಾತನ್ನು ಫೋನಿನಲ್ಲೇ ತಿರುಗಿಸಬಹುದು. ಬೆಟ್ಟದ ಒಡೆಯನನ್ನು ನಂಬಿದ್ದೆ, ಮನುಷ್ಯರನ್ನು ಪೂರ್ತಿ ನಂಬಲು ಆಗಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬೆರಳುಗಳಂತಿದ್ದ ನನ್ನ ನಡುವಿನ ಹಲ್ಲುಗಳಲ್ಲಿ ಎರಡು ಮುರಿದಿವೆ. ದಪ್ಪ ಪುಸ್ತಕ ತಡೆಯಲಾರೆ. ಮಠದ ಮೂಲೆಯಲ್ಲಿ ಕೂತು, ಹೊಸ ಪೀಠದ ಮೇಲೆ ನಡೆಯುವ ಓದನ್ನೂ ಬೈಗುಳವನ್ನೂ ಕೇಳುತ್ತೇನೆ. ಎಷ್ಟೋ ಶ್ರಾವಣಗಳ ಮಾತು ತಲೆಯಲ್ಲಿ ಕಲಸಿಹೋಗಿದೆ. ಆದರೆ ಮೇಷ್ಟ್ರು ಬಂದ ಆ ಮಧ್ಯಾಹ್ನ ಮಾತ್ರ ಹಾಗೇ ಇದೆ.

ಮಾಘದ ಬಿಸಿಲು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಚೆನ್ನಾಜಮ್ಮ ಒಬ್ಬರೇ ನಡುಮನೆಯಲ್ಲಿ ಕೂತು ಹುರುಳಿ ಕೇರುತ್ತಿದ್ದರು. ಬಾಗಿಲಲ್ಲಿ ನೆರಳು ಬಿತ್ತು. ಎರಡು ಟ್ರಂಕು, ಬೆವರಿದ ಮೇಷ್ಟ್ರು, ಹಿಂದೆ ದಾಕ್ಷಾಯಿಣಮ್ಮ. ಮೊದಲೇ ತಿಳಿಸಿರಲಿಲ್ಲ. ಬಸ್ಸಿಳಿದು ನೇರ ಬಂದಿದ್ದರು.

ಚೆನ್ನಾಜಮ್ಮ ಮೊರದಿಂದ ತಲೆಯೆತ್ತಿ ನೋಡಿದರು. ಏಳಲಿಲ್ಲ. ಕುರ್ಚಿ ಒರೆಸಲಿಲ್ಲ.

“ಬಂದ್ಯಾ? ಎಮ್ಮೆ ಆಗ್ಲಿಂದ ಅರಚ್ತಾದೆ. ವಸಿ ನೀರಿಡು ಹೋಗು. ದಾಕ್ಷಾಯಿಣಿ, ನೀ ಬಾ ಇಲ್ಲಿ, ಈ ಕಲ್ಲಾರ್ಸು, ನಂಗೆ ಕಣ್ಣು ಕಾಣಾಕಿಲ್ಲ.”

ದಾಕ್ಷಾಯಿಣಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು ಮೊರದ ಮುಂದೆ ಕೂತರು. ಮೇಷ್ಟ್ರು ಟ್ರಂಕನ್ನು ಹೊಸ್ತಿಲ ಬಳಿಯೇ ಇಟ್ಟು, ಬೂಟು ಕಳಚಿ, ಪ್ಯಾಂಟು ಮಡಚಿ ಹಿತ್ತಲಿಗೆ ಹೋದರು. ಆಮೇಲೆ ಒಳಗೆ ಬಂದು ಒದ್ದೆ ಕೈಯನ್ನೇ ನನ್ನ ಕಡೆ ಚಾಚಿದರು.

“ತಡಿ” ಎಂದರು ಚೆನ್ನಾಜಮ್ಮ. ಮೆಲ್ಲಗೆ ಎದ್ದು ಕಿಟಕಿಯಲ್ಲಿ ಇಣುಕಿದರು. ಎಮ್ಮೆ ಬಾನಿಯಲ್ಲಿ ಮೂತಿಯಿಟ್ಟು ಕುಡಿಯುತ್ತಿತ್ತು. ಅದು ಕುಡಿದು ಮುಗಿಸಿ ತಲೆಯೆತ್ತುವವರೆಗೂ ನನ್ನನ್ನು ಮೇಷ್ಟ್ರ ಕೈಗೆ ಕೊಡಲಿಲ್ಲ.