ಮೋರಿ ನೀರಿನ ಬಾಟಲಿ

ಇದನ್ನು ಹೇಳಲು ನೀನು ಯಾರು ಎಂದು ಕೇಳುತ್ತೀರೇನೋ, ಕ್ಷಮಿಸಿ. ಸಂಜೆ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ನನ್ನದು. ಆ ಅಕ್ಷರದಿಂದ ನಾಲ್ಕು ವರ್ಷ ಸುಳ್ಳು ಬರೆದವಳೂ ನಾನೇ.

"ನೋಡ್ರೋ ಎಲ್ಲಾ! ಇಂಥವರಿಂದ್ಲೇ ಭೂಮಿ ಹಾಳಾಗೋದು!"

ಮ್ಯಾನೇಜರ್ ನನ್ನ ಅತ್ತಿಗೆಯ ಊಟದ ಪ್ಲಾಸ್ಟಿಕ್ ಕವರನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ. ಒಳಗಿದ್ದ ಅನ್ನ ಮೂಲೆಗೆ ಜಾರಿತು. ಕಾರ್ಖಾನೆಯ ಅಂಗಳದಲ್ಲಿ ಅರವತ್ತು ಜನ ಸಾಲಾಗಿ ನಿಂತಿದ್ದೆವು. ಬೋಲ್ಟುಗಳ ತುಕ್ಕನ್ನು ಆಸಿಡ್ಡಿನಲ್ಲಿ ತೊಳೆಯುವವರು ನಾವು. ಪರಿಸರ ಇಲಾಖೆಯ ಸಾಹೇಬರು ಬಂದು ಪ್ರತಿಜ್ಞೆ ಹೇಳಿಸುತ್ತಿದ್ದರು: ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತೇನೆ.

"ನಮ್ಮ ಸಾಲುಮನೆಗೆ ನಲ್ಲೀನೇ ಇಲ್ವಲ್ಲ ಸಾಹೇಬ್ರೇ," ಅತ್ತಿಗೆ ಅಂದಳು. "ಮೊದ್ಲು ಒಂದು ಹಾಕಿಸ್ಕೊಡಿ, ಆಮೇಲೆ ದಿನಾ ನಿಲ್ಲಿಸ್ತೀನಿ."

ಹಿಂದೆ ಯಾರೋ ಕಿಸಕ್ಕೆಂದರು.

"ಬಾಯ್ಮುಚ್ಚೇ ಮುಂಡೆ!" ಮ್ಯಾನೇಜರ್ ಕವರನ್ನು ಅನ್ನದ ಸಮೇತ ಕಸದ ಡಬ್ಬಿಗೆ ಎಸೆದ.

ಸಾಹೇಬರು ನಕ್ಕರು. "ಹನಿಹನಿ ಕೂಡಿದ್ರೆ ಹಳ್ಳ ಅಮ್ಮಾ. ಒಬ್ಬೊಬ್ರೂ ಒಂದೊಂದು ಸಣ್ಣ ಕೆಲ್ಸ ಮಾಡಿದ್ರೆ ಸಾಕು."

ಆಮೇಲೆ ನೀರಿನ ಪರೀಕ್ಷೆ. ಕಾರ್ಖಾನೆಯ ನೀರು ಹಿಂದಿನ ಗೋಡೆಯ ಕೊಳವೆಯಿಂದ ಮೋರಿಗೆ ಬೀಳುತ್ತದೆ. ಮೋರಿಯ ಪಕ್ಕದಲ್ಲೇ ನಮ್ಮ ಬಾವಿ. ಅಣ್ಣನ ಮಗಳಿಗೆ ಬಾಯಿ ತುಂಬ ಹುಣ್ಣು. ಗುಟುಕು ನೀರಿಗೂ ಅಳುತ್ತಾಳೆ. ಬಾವಿಯೇ ಕಾರಣವೆನ್ನಲು ಡಾಕ್ಟರಿಗೆ ವರದಿ ಬೇಕಂತೆ. ವರದಿಯಲ್ಲಿ ನೀರು ಚೆನ್ನಾಗಿದೆ. ಯಾಕೆಂದರೆ ಸಾಹೇಬರು ನಾತಕ್ಕೆ ಹೆದರಿ ಅತ್ತಿಗೆಯ ಕೈಗೆ ಬಾಟಲಿ ಕೊಡುತ್ತಾರೆ, ಅವಳು ಕ್ಯಾಂಟೀನಿನ ಫಿಲ್ಟರಿನಿಂದ ತುಂಬಿಸಿ ತರುತ್ತಾಳೆ, ನಾನು 'ಮೋರಿ ನೀರು' ಎಂದು ಚೀಟಿ ಬರೆದು ಅಂಟಿಸುತ್ತೇನೆ. ಮ್ಯಾನೇಜರ್ ಮಾಡಿಟ್ಟ ಪದ್ಧತಿ. ತಪ್ಪಿದರೆ ಇಬ್ಬರಿಗೂ ಗೇಟಿನ ದಾರಿ.

ಅವತ್ತು ಅತ್ತಿಗೆ ತಡವಾಗಿ ಬಂದಳು. ನೀರು ಎಂದಿನಂತೆ ತಿಳಿಯಾಗಿತ್ತು. ಬಾಟಲಿಯ ಹೊರಮೈ ಒದ್ದೆ. ಹಿಡಿದೆ, ಹೆಬ್ಬೆರಳ ಗಾಯ ಚುರ್ರೆಂದಿತು.

"ಅತ್ತಿಗೆ, ಇದು..."

"ಬರಿಯೇ," ಪಿಸುಗುಟ್ಟಿದಳು. "ಮೋರಿ ನೀರನ್ನೇ ಬಕೇಟಲ್ಲಿಟ್ಟು, ಕೆಸರು ತಳಕ್ಕಿಳಿದ ಮೇಲೆ ತುಂಬಿದೀನಿ. ಅವ್ರು ಹೇಳಿದ ಸಣ್ಣ ಕೆಲ್ಸ."

"ಕೆಲ್ಸ ಹೋದ್ರೆ?"

"ಮಗು ಹೋದ್ರೆ?"

ಬರೆದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ನಿಜ ಬರೆಯುತ್ತಿದ್ದೆ, ಅಕ್ಷರ ಸೊಟ್ಟಗಾಯಿತು.

"ಏನೇ, ಅಕ್ಷರ ಯಾಕೆ ಹಿಂಗಿದೆ?" ಮ್ಯಾನೇಜರ್ ಹತ್ತಿರ ಬಂದ.

"ಊಟ ಆಗಿಲ್ಲ ಸಾರ್."

"ಸಂಜೆ ಶಾಲೇಲಿ ಈ ಕೋಳಿಕಾಲನ್ನೇ ಕಲಿಸಿದ್ರಾ? ಥೂ!"

ಸಾಹೇಬರು ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿದರು. ಜೀಪು ಹೋಯಿತು.

ಇದಾಗಿ ಎರಡು ತಿಂಗಳು. ಬಾಟಲಿಯನ್ನು ಯಾರಾದರೂ ತೆರೆದರೋ, ದಾರಿಯಲ್ಲೇ ಚೆಲ್ಲಿದರೋ, ಹಳೆಯ ವರದಿಯನ್ನೇ ನಕಲು ಮಾಡಿದರೋ ತಿಳಿಯದು. ನಮ್ಮನ್ನು ಯಾರೂ ಕರೆಸಲಿಲ್ಲ. ಕೊಳವೆ ಸುರಿಯುತ್ತಲೇ ಇದೆ, ಮಗು ಅಳುತ್ತಲೇ ಇದೆ.

ನಾಳೆ ಸಾಹೇಬರು ಮತ್ತೆ ಬರುತ್ತಾರೆ.

"ಈ ಸಲ ಕದ್ದುಮುಚ್ಚಿ ಬ್ಯಾಡ," ಅತ್ತಿಗೆ ಅಂದಿದ್ದಾಳೆ. "ಎಲ್ರ ಮುಂದೆ ಮೋರಿ ನೀರನ್ನ ಲೋಟಕ್ಕೆ ಬಗ್ಗಿಸಿ, ಕುಡೀರಿ ಸಾಹೇಬ್ರೇ ಅಂತೀನಿ."

ಅರವತ್ತು ಜನರಲ್ಲಿ ಎಂಟು ಮಂದಿಗೆ ಹೇಳಿದ್ದೇವೆ. ಮೂವರು ತಲೆಯಾಡಿಸಿದರು, ಅದು ಹೂಂ ಎಂದೋ ಊಹೂಂ ಎಂದೋ ಗೊತ್ತಾಗಲಿಲ್ಲ. ಅವಳು ಲೋಟ ಎತ್ತಿದಾಗ ಪಕ್ಕದಲ್ಲಿ ಎಷ್ಟು ಜನ ನಿಲ್ಲುತ್ತಾರೋ ಗೊತ್ತಿಲ್ಲ. ನಾನು ನಿಲ್ಲುತ್ತೇನೆಯೇ? ಅದೂ ಗೊತ್ತಿಲ್ಲ.